ಕರಾವಳಿಗೆ ನಾಲ್ಕು ದಿನ: ಪ್ಲಾನ್ ಮಾಡುವ ಸರಿಯಾದ ಕ್ರಮ

ಕುಂದಾಪುರದ ಹತ್ತಿರ ನಮ್ಮ ಮನೆ. ದಸರಾ ರಜೆ ಹತ್ತಿರ ಬಂತೆಂದರೆ ಘಟ್ಟದ ಮೇಲಿನ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ: "ಮೂರು ದಿನ ರಜೆ ಇದೆ. ಮಂಗಳೂರು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಎಲ್ಲಾ ಆಗುತ್ತಾ?" ಆಗುತ್ತದೆ ಎಂದುಕೊಂಡು ಬಂದವರು ವಾಪಸ್ ಹೊರಡುವಾಗ ಹೇಳುವ ಮಾತೂ ಒಂದೇ: "ಬರೀ ಕಾರಲ್ಲೇ ಕೂತಿದ್ದಾಯ್ತು."

ಇವರೆಲ್ಲ ಎಡವುವುದು ಕ್ರಮದಲ್ಲಿ. ಮೊದಲು ರೂಮ್ ಬುಕ್ ಮಾಡುತ್ತಾರೆ, ಆಮೇಲೆ ಜಾಗಗಳ ಪಟ್ಟಿ, ಆಮೇಲೆ ದಾರಿ. ಮಳೆ, ಬಿಸಿಲು, ಸಮುದ್ರದ ಸ್ಥಿತಿ ನೆನಪಾಗುವುದು ಇಲ್ಲಿಗೆ ಬಂದು ಇಳಿದ ಮೇಲೆ. ಈ ಪಟ್ಟಿಯನ್ನು ಪೂರ್ತಿ ತಲೆಕೆಳಗು ಮಾಡಬೇಕು. ಕೆಳಗಿನ ಮೊದಲ ಐದು ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಒಂದು ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

## ಕೈಯಲ್ಲಿ ಇರಬೇಕಾದ್ದು

ಅಮಾವಾಸ್ಯೆ, ಹುಣ್ಣಿಮೆ ತೋರಿಸುವ ಗೋಡೆ ಕ್ಯಾಲೆಂಡರ್ ಒಂದು. ಫೋನಿನಲ್ಲಿ ಮ್ಯಾಪ್. ಒಂದು ಹಾಳೆ, ಪೆನ್ನು. ಜೊತೆಗೆ ಎರಡು ಮುನ್ಸೂಚನೆಗಳು: ಮಳೆಗೆ ಭಾರತೀಯ ಹವಾಮಾನ ಇಲಾಖೆಯದ್ದು, ಅಲೆಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯದ್ದು. ಎರಡನೆಯದರ ಬಗ್ಗೆ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಆಕಾಶ ತಿಳಿಯಾಗಿದ್ದರೂ ದೂರದ ಸಮುದ್ರದಲ್ಲಿ ಎದ್ದ ಅಲೆ ನಮ್ಮ ದಡಕ್ಕೆ ಬಂದು ಅಪ್ಪಳಿಸುವುದುಂಟು. ಆ ಎಚ್ಚರಿಕೆ ಸಿಗುವುದು ಅಲ್ಲಿಯೇ.

## ಹಂತ 1: ದಿನಾಂಕ ಗೊತ್ತು ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಆಗ ಸಮುದ್ರವನ್ನು ದೂರದಿಂದ ನೋಡಬಹುದು ಅಷ್ಟೇ, ಇಳಿಯುವ ಹಾಗಿಲ್ಲ. ದ್ವೀಪದ ದೋಣಿಗಳು, ನೀರಿನ ಆಟಗಳು ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ನಾಡದೋಣಿಯವರು ತಂದಷ್ಟೇ ತಾಜಾ ಮೀನು. "ಮೀನೂಟಕ್ಕೆಂದೇ ಬಂದೆವು" ಎನ್ನುವವರು ಈ ಎರಡು ತಿಂಗಳು ಬಿಡುವುದು ಒಳ್ಳೆಯದು.

ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಬೆಳಗಿನ ಹೊತ್ತು ಚೆನ್ನಾಗಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಸೆಕೆ ಜಾಸ್ತಿ. ಬೆಂಗಳೂರು, ಮೈಸೂರಿನವರಿಗೆ ಇಲ್ಲಿನ ಬೆವರು ಅಂದಾಜಿಗೇ ಸಿಗುವುದಿಲ್ಲ. ಫ್ಯಾನ್ ಕೆಳಗೆ ಕೂತರೂ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯೊಳಗೆ ಬನ್ನಿ. ಯಕ್ಷಗಾನ ಮೇಳಗಳ ತಿರುಗಾಟ, ಕಂಬಳ, ಭೂತಕೋಲ ಇವೆಲ್ಲವೂ ಆಗ ಇರುತ್ತವೆ.

ಆ ಮೂರೂವರೆ ತಿಂಗಳಲ್ಲೂ ಎರಡು ಸಮಯ ತಪ್ಪಿಸಿ. ಡಿಸೆಂಬರ್ ಕೊನೆಯ ವಾರ ಒಂದು, ಶುಕ್ರವಾರವೋ ಸೋಮವಾರವೋ ಸೇರಿಕೊಂಡ ಮೂರು ದಿನದ ರಜೆಗಳು ಇನ್ನೊಂದು. ಸೋಮವಾರದಿಂದ ಗುರುವಾರದೊಳಗೆ ಬಂದರೆ ಅದೇ ಬೀಚ್ ಬೇರೆಯೇ ಆಗಿ ಕಾಣುತ್ತದೆ.

ದಿನಾಂಕ ಬರೆದ ಮೇಲೆ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಯಾವಾಗ ಎಂದು ನೋಡಿ ಗುರುತು ಹಾಕಿಕೊಳ್ಳಿ. ಆ ದಿನಗಳ ಆಸುಪಾಸು ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. 6ನೇ ಹಂತದಲ್ಲಿ ಇದು ಬೇಕಾಗುತ್ತದೆ.

## ಹಂತ 2: ಉಳಿಯಲು ಒಂದು ಊರು, ಹೆಚ್ಚೆಂದರೆ ಎರಡು

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಮ್ಯಾಪಿನಲ್ಲಿ ಇದು ಒಂದು ಗೆರೆ. ಆದರೆ ಊರೂರಿಗೂ ಸರ್ಕಲ್, ಸೇತುವೆ, ಮೀನಿನ ಲಾರಿ. ಪ್ರತಿ ಬೀಚಿಗೂ ಹೆದ್ದಾರಿಯಿಂದ ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕು. ಮುರುಡೇಶ್ವರದಿಂದ ಗೋಕರ್ಣ ಸುಮಾರು 80 ಕಿಲೋಮೀಟರ್ ಆದರೂ ಊಟ, ಚಹಾ ಎಲ್ಲ ಸೇರಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಹಾಳೆಯ ಮೇಲೆ ಕರಾವಳಿಯನ್ನು ಎರಡು ತುಂಡು ಮಾಡಿ. ದಕ್ಷಿಣದ ತುಂಡಿಗೆ ಉಡುಪಿ ಅಥವಾ ಮಲ್ಪೆ ಠಿಕಾಣಿ. ಅಲ್ಲಿಂದ ಕೃಷ್ಣಮಠ, ಕಾಪು ದೀಪಸ್ತಂಭ, ಪಡುಬಿದ್ರಿ, ಸೇಂಟ್ ಮೇರಿಸ್ ದ್ವೀಪ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆ. ಉತ್ತರದ ತುಂಡಿಗೆ ಹೊನ್ನಾವರ, ಕುಮಟಾ ಅಥವಾ ಗೋಕರ್ಣ. ಅಲ್ಲಿಂದ ಮುರುಡೇಶ್ವರ, ಕಾಸರಕೋಡು, ಅಪ್ಸರಕೊಂಡ, ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಿರ್ಜಾನ್ ಕೋಟೆ.

ಮೂರು ರಾತ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದೇ ತುಂಡು ಆರಿಸಿ. ನಾಲ್ಕು ರಾತ್ರಿ ಇದ್ದರೆ ಎರಡು ಮತ್ತು ಎರಡು. ದಿನಕ್ಕೊಂದು ಊರಿನಲ್ಲಿ ರೂಮ್ ಹಿಡಿಯಲೇಬೇಡಿ. ಬೆಳಿಗ್ಗೆ ಗಂಟುಮೂಟೆ ಕಟ್ಟುವುದು, ಹೊಸ ರೂಮಿಗಾಗಿ ಮಧ್ಯಾಹ್ನ 12ರವರೆಗೆ ಕಾಯುವುದು, ಇದರಲ್ಲೇ ದಿನದ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ಎಚ್ಚರಿಕೆಯ ಗಂಟೆ: ನಿಮ್ಮ ಹಾಳೆಯಲ್ಲಿ ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೆಸರು ಕಂಡರೆ ಅಲ್ಲೇ ನಿಲ್ಲಿಸಿ, ಒಂದನ್ನು ಹೊಡೆದು ಹಾಕಿ.

## ಹಂತ 3: ಘಟ್ಟ ಇಳಿಯುವ ದಾರಿ

ಯಾವ ತುಂಡು ಎಂದು ನಿರ್ಧಾರವಾದ ಮೇಲೆಯೇ ದಾರಿ. ಬೆಂಗಳೂರಿನಿಂದ ದಕ್ಷಿಣದ ತುಂಡಿಗೆ ಸಕಲೇಶಪುರದ ಶಿರಾಡಿ ಘಾಟಿ, ಮೂಡಿಗೆರೆ ಕಡೆಯಿಂದ ಚಾರ್ಮಾಡಿ. ಶಿವಮೊಗ್ಗದವರು ಉಡುಪಿಗೆ ಆಗುಂಬೆ, ಕುಂದಾಪುರಕ್ಕೆ ಹುಲಿಕಲ್, ಹೊನ್ನಾವರಕ್ಕೆ ಸಾಗರದ ಮೇಲಿಂದ ಗೇರುಸೊಪ್ಪೆ ಘಟ್ಟ ಇಳಿಯಬಹುದು. ಹುಬ್ಬಳ್ಳಿಯವರಿಗೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ಹತ್ತಿರದ ದಾರಿ, ಆದರೆ ರಸ್ತೆ ಕೆಲಸಕ್ಕೆಂದು ಹಲವು ಸಲ ಮುಚ್ಚಿದ್ದಾರೆ. ಕೇಳಿಕೊಂಡೇ ಹೊರಡಿ.

ಆಗುಂಬೆಯಲ್ಲಿ 14 ತಿರುವುಗಳು, ದೊಡ್ಡ ವಾಹನಗಳನ್ನು ಬಿಡುವುದಿಲ್ಲ. ದೊಡ್ಡ ಬಸ್ಸು ಬಾಡಿಗೆಗೆ ಹಿಡಿದವರು ಇದನ್ನು ಮೊದಲೇ ಡ್ರೈವರ್ ಹತ್ತಿರ ಮಾತಾಡಿ. ಮಕ್ಕಳಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಘಟ್ಟಕ್ಕೆ ಒಂದು ಗಂಟೆ ಮೊದಲು ಇಡ್ಲಿಯಂಥ ಹಗುರವಾದ ತಿಂಡಿ ಕೊಟ್ಟು, ಮುಂದೆ ನೋಡುವ ಹಾಗೆ ಕೂರಿಸಿ. ಫೋನ್ ಕೊಡಬೇಡಿ.

ಮಳೆ ಜೋರಾಗಿದ್ದರೆ ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ. ಕೆಳಗಿನ ಹೆದ್ದಾರಿಯೂ ಸುರಕ್ಷಿತವಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿ ಇದ್ದವರೂ ಪ್ರಾಣ ಕಳೆದುಕೊಂಡರು. ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟಿದ್ದರೆ ಹೊರಡಬೇಡಿ. ರೂಮಿನ ದುಡ್ಡು ಹೋದರೆ ಹೋಗಲಿ.

ಬೆಂಗಳೂರಿನವರಿಗೆ ರೈಲು ನಿಜಕ್ಕೂ ಆರಾಮ. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು, ನಸುಕಿನ ಹೊತ್ತಿಗೆ ಉಡುಪಿ, ಕುಂದಾಪುರ ದಾಟಿ, ಬೆಳಿಗ್ಗೆ ಕಾರವಾರ ತಲುಪುತ್ತದೆ. ಹಗಲಿನಲ್ಲಿ ಘಟ್ಟ ನೋಡಬೇಕು ಎನ್ನುವವರಿಗೆ ಯಶವಂತಪುರ–ಮಂಗಳೂರು ಹಗಲು ರೈಲಿನಲ್ಲಿ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಇದೆ. ಟಿಕೆಟ್ ತೆರೆಯುವುದು ಪ್ರಯಾಣಕ್ಕೆ 60 ದಿನ ಮೊದಲು. ಹಿಂದೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಬದಲಾಗಿದೆ. ಹಳೆಯ ಲೆಕ್ಕ ಹಿಡಿದುಕೊಂಡವರು ಗೊಂದಲಕ್ಕೆ ಬೀಳುತ್ತಾರೆ. ಬರುವ ಟಿಕೆಟ್ ಮಾಡಿದ ದಿನವೇ, ಹೋಗುವ ಟಿಕೆಟ್ ತೆರೆಯುವ ದಿನಕ್ಕೆ ಅಲಾರಂ ಇಡಿ.

ಸ್ಟೇಷನ್‌ನಿಂದ ಊರಿಗೆ ಎಷ್ಟು ದೂರ ಎಂದೂ ನೋಡಿಕೊಳ್ಳಿ. ಗೋಕರ್ಣ ರೋಡ್ ಸ್ಟೇಷನ್ ಇರುವುದು ಗೋಕರ್ಣದಿಂದ ಸುಮಾರು 10 ಕಿಲೋಮೀಟರ್ ಆಚೆ.

## ಹಂತ 4: ಈಗ ರೂಮ್

ನನ್ನ ಅಕ್ಕ, ಬಾವ ಒಮ್ಮೆ "ಬೀಚಿಗೆ 800 ಮೀಟರ್" ಎಂದು ನೋಡಿ ರೂಮ್ ಮಾಡಿದ್ದರು. 800 ಮೀಟರ್ ನಿಜವೇ. ಆದರೆ ನಡುವೆ ಹೊಳೆ. ಸೇತುವೆ ಸುತ್ತಿ ಹೋಗಬೇಕೆಂದರೆ 9 ಕಿಲೋಮೀಟರ್. ಎರಡು ದಿನ ಬೀಚನ್ನು ಆಚೆ ದಡದಲ್ಲಿ ನೋಡುತ್ತಾ ಕೂತರು. ನಮ್ಮ ಕರಾವಳಿ ಪೂರ್ತಿ ಹೀಗೆಯೇ ಹೊಳೆಗಳಿಂದ ತುಂಡಾಗಿದೆ. ಹಾಗಾಗಿ ಜಾಹೀರಾತಿನ ದೂರ ನಂಬಬೇಡಿ. ಮ್ಯಾಪಿನಲ್ಲಿ ರೂಮಿನಿಂದ ಬೀಚಿಗೆ ನಡೆಯುವ ದಾರಿ ಹಾಕಿ ನೋಡಿ.

ಆಮೇಲೆ ಫೋನ್ ಮಾಡಿ ಈ ನಾಲ್ಕು ಕೇಳಿ. ಬೆಳಿಗ್ಗೆ 5ಕ್ಕೆ ರೈಲಿಳಿದು ಬಂದರೆ ರೂಮ್ ಕೊಡುತ್ತೀರಾ, ಇಲ್ಲವಾದರೆ ಬ್ಯಾಗ್ ಇಟ್ಟು ಮುಖ ತೊಳೆಯಲು ಜಾಗ ಇದೆಯಾ? ಕರೆಂಟ್ ಹೋದರೆ ಜನರೇಟರ್‌ನಲ್ಲಿ ಎಸಿ ಓಡುತ್ತಾ, ಬರೀ ಲೈಟ್ ಮತ್ತು ಫ್ಯಾನಾ? ನಲ್ಲಿ ನೀರು ಸಿಹಿಯೋ ಉಪ್ಪೋ? ಕಿಟಕಿಗೆ ಸೊಳ್ಳೆ ಪರದೆ ಇದೆಯಾ? ನೀರಿನ ಪ್ರಶ್ನೆಗೆ ತಡವರಿಸಿದರೆ ಉಪ್ಪು ಎಂದೇ ತಿಳಿಯಿರಿ. ಬೇಸಿಗೆಯಲ್ಲಿ ಸಮುದ್ರಕ್ಕೆ ತೀರಾ ಹತ್ತಿರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಸಮುದ್ರದಿಂದ ಬಂದು ಮತ್ತೆ ಉಪ್ಪುನೀರಿನಲ್ಲೇ ಸ್ನಾನ ಮಾಡಿದರೆ ಮೈಯೆಲ್ಲಾ ಅಂಟಂಟು.

ವಯಸ್ಸಾದವರು ಇದ್ದರೆ ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ರೂಮಿಗೆ ಎಷ್ಟು ಮೆಟ್ಟಿಲು ಇಳಿಯಬೇಕು ಎಂದೂ ಕೇಳಿ.

## ಹಂತ 5: ದಿನವನ್ನು ಮೂರು ತುಂಡು ಮಾಡಿ

ಕಳೆದ ಜನವರಿಯಲ್ಲಿ ಮಲ್ಪೆಯಲ್ಲಿ ಕಂಡದ್ದು. ಮಧ್ಯಾಹ್ನ ಒಂದು ಗಂಟೆ. ಒಂದು ಕುಟುಂಬ ಕಾರಿಳಿದು ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಕಡೆ ಹೊರಟಿತು. ಹತ್ತು ಹೆಜ್ಜೆಗೆ ಸಣ್ಣ ಹುಡುಗಿ ಒಂದು ಕಾಲೆತ್ತಿ ಇನ್ನೊಂದು ಕಾಲಲ್ಲಿ ಕುಣಿಯುತ್ತಾ ಅಳತೊಡಗಿದಳು. ಮರಳು ಕಾದ ಕಾವಲಿಯ ಹಾಗಿತ್ತು. ಅಪ್ಪ ಅವಳನ್ನೆತ್ತಿಕೊಂಡು ಓಡಿ ವಾಪಸ್ ಬಂದ. ಹತ್ತೇ ನಿಮಿಷದಲ್ಲಿ ಅವರ ಸಮುದ್ರ ಮುಗಿಯಿತು.

ಬೆಳಿಗ್ಗೆ 6ರಿಂದ 10 ಸಮುದ್ರದ ಹೊತ್ತು. 11ರಿಂದ 4 ನೆರಳಿನ ಹೊತ್ತು: ಊಟ, ನಿದ್ದೆ, ಒಂದೂರಿನಿಂದ ಇನ್ನೊಂದೂರಿಗೆ ಪ್ರಯಾಣ. 4ರ ಮೇಲೆ ಮತ್ತೆ ಸಮುದ್ರ, ಸೂರ್ಯ ಮುಳುಗುವವರೆಗೆ. ಪ್ರತಿ ಜಾಗವನ್ನೂ ಈ ಮೂರರಲ್ಲಿ ಒಂದಕ್ಕೆ ಹಾಕಿ.

ದೇವಸ್ಥಾನವನ್ನು ಮಧ್ಯಾಹ್ನಕ್ಕೆ ಹಾಕುವುದು ಸಾಮಾನ್ಯ ತಪ್ಪು. ಗೋಕರ್ಣ, ಕೊಲ್ಲೂರಿನಂಥ ಕಡೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಒಂದು ದಿನ ದೇವಸ್ಥಾನಕ್ಕೆ, ಇನ್ನೊಂದು ದಿನ ಸಮುದ್ರಕ್ಕೆ ಇಡಿ. ಗೋಕರ್ಣ, ಉಡುಪಿ, ಕೊಲ್ಲೂರಿನಲ್ಲಿ ಗಂಡಸರು ಅಂಗಿ ತೆಗೆಯಬೇಕು. ಗೋಕರ್ಣಕ್ಕೆ ಪಂಚೆಯೂ ಬೇಕು. ಬರ್ಮುಡಾದಲ್ಲಿ ಹೋಗಿ ಬಾಗಿಲಲ್ಲಿ ನಿಂತವರನ್ನು ಎಷ್ಟೋ ಸಲ ನೋಡಿದ್ದೇನೆ.

## ಹಂತ 6: ನೀರಿಗಿಳಿಯುವುದು

ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವಲ್ಲ, ಪ್ರವಾಸಕ್ಕೆ ಒಳ್ಳೆಯದು ಎಂದು ನಾನೇ ಮೇಲೆ ಬರೆದ ತಿಂಗಳು. ಕಾಲ ಒಳ್ಳೆಯದಿದ್ದ ಮಾತ್ರಕ್ಕೆ ನೀರು ಒಳ್ಳೆಯದಿರುತ್ತದೆ ಎಂದಲ್ಲ.

ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಅಲೆಗಳು ಸಾಲಾಗಿ ಬಂದು ಬಿಳಿ ನೊರೆಯಾಗಿ ಒಡೆಯುತ್ತವೆ. ಆ ಸಾಲಿನ ಮಧ್ಯೆ ಒಂದು ಕಡೆ ಅಲೆ ಒಡೆಯುವುದೇ ಇಲ್ಲ. ಓಣಿಯ ಹಾಗೆ ಕಾಣುತ್ತದೆ. ನೀರಿನ ಬಣ್ಣ ಸ್ವಲ್ಪ ಗಾಢ, ಇಲ್ಲವೇ ಮರಳು ಕದಡಿ ಮಣ್ಣುಮಣ್ಣು. ನೊರೆ, ಕಸ, ತೆಂಗಿನ ಗರಿ ಏನಾದರೂ ಇದ್ದರೆ ಅದು ದಡಕ್ಕೆ ಬರುವ ಬದಲು ಒಳಕ್ಕೆ ಹೋಗುತ್ತಿರುತ್ತದೆ. ಅದೇ ಸೆಳೆತ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಹೊರಗಿನವರಿಗೆ ಅದೇ ಜಾಗ "ಅಲೆ ಇಲ್ಲ, ಇಲ್ಲಿ ಶಾಂತವಾಗಿದೆ" ಎಂದು ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ನೇರ ಅಲ್ಲಿಗೇ ಹೋಗುತ್ತಾರೆ.

ಉಬ್ಬರ, ಇಳಿತದ ಹೊತ್ತು ಕೇಳಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಎರಡೂ ಹೆಚ್ಚು, ಆಗ ಇನ್ನೂ ಎಚ್ಚರ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ 5ಕ್ಕೆ ಚೆನ್ನಾಗಿದ್ದ ಜಾಗ ನಾಳೆ 5ಕ್ಕೆ ಹಾಗೆಯೇ ಇರುವುದಿಲ್ಲ. ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು "ಅಣ್ಣಾ, ಈಗ ಏರುತ್ತಿದೆಯಾ, ಇಳಿಯುತ್ತಿದೆಯಾ?" ಎಂದು ಕೇಳಿದರೆ ಸಾಕು. ಅವರು ಬೇಡ ಎಂದರೆ ಬೇಡ. ಎರಡನೇ ಮಾತಿಲ್ಲ.

ಅಳಿವೆಯಲ್ಲಿ ಇಳಿಯಲೇಬೇಡಿ. ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ ನಾವು ಅಳಿವೆ ಎನ್ನುತ್ತೇವೆ. ಇಳಿತದ ಹೊತ್ತಿಗೆ ಹೊಳೆಯ ನೀರೂ ಸಮುದ್ರದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಅಲ್ಲಿ ಈಜು ಬಲ್ಲವರೂ ಏನೂ ಮಾಡಲಾಗುವುದಿಲ್ಲ. ಅಳಿವೆಯ ಮರಳ ದಿಬ್ಬದ ಮೇಲೆ ಫೋಟೋಗೆ ನಿಲ್ಲುವುದೂ ಬೇಡ. ಉಬ್ಬರ ಬಂದರೆ ಹಿಂದಿನ ದಾರಿ ಮುಚ್ಚಿಹೋಗುತ್ತದೆ.

ಮೊಣಕಾಲು ಮಟ್ಟ ಸಾಕು. ಈಜು ಬರದವರಿಗೆ ಇದಕ್ಕಿಂತ ಮೇಲೆ ಬೇಡ. ಮಕ್ಕಳ ಕೈ ಹಿಡಿದಿರುವ ದೊಡ್ಡವರು ಸಮುದ್ರಕ್ಕೆ ಬೆನ್ನು ಹಾಕಬಾರದು. ಫೋಟೋ ತೆಗೆಯುವಾಗ ಆಗುವುದೇ ಇದು: ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾ ನಗುತ್ತಿರುತ್ತಾರೆ, ಹಿಂದಿನಿಂದ ದೊಡ್ಡ ಅಲೆ ಬರುತ್ತದೆ. ಕುಡಿದು ಇಳಿಯುವುದು, ಕತ್ತಲಾದ ಮೇಲೆ ಇಳಿಯುವುದು ಎರಡೂ ಬೇಡ. ಕೆಂಪು ಬಾವುಟ ಇದ್ದ ಕಡೆ ಕಾಲು ತೋಯಿಸುವುದೂ ಬೇಡ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಎದುರು ಈಜಬೇಡಿ. ಸುಸ್ತಾಗಿ ಮುಳುಗುವುದು ಹಾಗೆಯೇ. ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಿ. ಆ ಓಣಿ ದಾಟಿದ ಮೇಲೆ ಅಲೆ ಒಡೆಯುವ ಕಡೆಯಿಂದ ಓರೆಯಾಗಿ ದಡಕ್ಕೆ ಬನ್ನಿ. ಈಜಲಾಗದಿದ್ದರೆ ಅಂಗಾತ ತೇಲುತ್ತಾ ಒಂದು ಕೈ ಎತ್ತಿ ಕೂಗಿ.

ಬೇರೆಯವರು ಸಿಕ್ಕಿಕೊಂಡರೆ ನೀವು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಕಥೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಖಾಲಿ ಕ್ಯಾನ್, ಚೆಂಡು, ಹಗ್ಗ, ತೇಲುವ ಏನಾದರೂ ಎಸೆಯಿರಿ. ಜೀವರಕ್ಷಕರನ್ನು, ಮೀನುಗಾರರನ್ನು ಕೂಗಿ. 112ಕ್ಕೆ ಫೋನ್ ಮಾಡಿ.

ಮಕ್ಕಳಿದ್ದರೆ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡಿನ ಬ್ಲೂ ಫ್ಲ್ಯಾಗ್ ಬೀಚ್ ಆರಿಸಿ. ಬ್ಲೂ ಫ್ಲ್ಯಾಗ್ ಎಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಎರಡಕ್ಕೂ 2020ರಲ್ಲಿ ಅದು ಸಿಕ್ಕಿತು. ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇವೆ. ಹೆಣ್ಣುಮಕ್ಕಳಿಗೆ ಒದ್ದೆ ಬಟ್ಟೆಯಲ್ಲೇ ಕಾರಿನವರೆಗೆ ನಡೆಯುವ ಕಷ್ಟ ಇರುವುದಿಲ್ಲ.

ಲೋಳೆಮೀನು, ಅಂದರೆ ಜೆಲ್ಲಿಫಿಶ್ ತಾಗಿ ಉರಿ ಬಂದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಉಸಿರಾಟಕ್ಕೆ ತೊಂದರೆ ಎನಿಸಿದರೆ ನೇರ ಆಸ್ಪತ್ರೆ. ದಡದಲ್ಲಿ ಸತ್ತುಬಿದ್ದದ್ದನ್ನೂ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

## ಹಂತ 7: ದ್ವೀಪ, ಡೈವಿಂಗ್

ಸೇಂಟ್ ಮೇರಿಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಭಾನುವಾರ 11ಕ್ಕೆ ಬಂದರೆ ಸಾಲಿನಲ್ಲೇ ಬಿಸಿಲು ಕಾಯಬೇಕು. ಕಂಬಗಳ ಹಾಗೆ ನಿಂತ ಬಂಡೆಗಳ ಅಂಚಿಗೆ ಹೋಗಬೇಡಿ. ಪಾಚಿ ಇರುತ್ತದೆ, ಪಕ್ಕದಲ್ಲೇ ಆಳ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಕೊಟ್ಟದ್ದನ್ನು ತೊಡೆ ಮೇಲೆ ಇಟ್ಟುಕೊಳ್ಳದೆ ಗುಂಡಿ ಹಾಕಿ ತೊಟ್ಟುಕೊಳ್ಳಿ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಅದನ್ನು ಕೊನೆಯ ದಿನಕ್ಕೆ ಇಡಬಾರದು. ಆಳದಿಂದ ಬಂದ ಮೇಲೆ ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಎತ್ತರಕ್ಕೆ ಬೇಗ ಹೋದರೆ ಅಪಾಯ. ವಿಮಾನಕ್ಕೆ ಕನಿಷ್ಠ 18 ಗಂಟೆ ಬಿಡಿ, 24 ಆದರೆ ಇನ್ನೂ ಒಳ್ಳೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದೇ ಸಂಜೆ ಘಟ್ಟ ಹತ್ತುವ ಪ್ಲಾನ್ ಕೂಡ ಬೇಡ. ಅಸ್ತಮಾ, ಹೃದಯದ ತೊಂದರೆ, ಕಿವಿನೋವು, ಶೀತ ಇದ್ದರೆ ಮುಚ್ಚಿಡದೆ ಹೇಳಿ.

## ಹಂತ 8: ಊಟ, ನೀರು

ಹೆದ್ದಾರಿಯ ದೊಡ್ಡ ಬೋರ್ಡುಗಳಿಗಿಂತ, ಮಧ್ಯಾಹ್ನ 12:30ಕ್ಕೆ ಊರಿನವರೇ ತುಂಬಿರುವ ಸಣ್ಣ ಹೋಟೆಲ್ ಹುಡುಕಿ. ಮೀನೂಟಕ್ಕೆ 2ರ ಮೇಲೆ ಹೋದರೆ ಒಳ್ಳೆಯ ಮೀನು ಖಾಲಿ. "ಇವತ್ತು ಯಾವುದು ಬಂದಿದೆ?" ಎಂದು ಕೇಳಿ. ಮೊದಲೇ ಅಂಜಲ್ ಎನ್ನಬೇಡಿ. ಬಂಗುಡೆ, ಬೂತಾಯಿ ತಾಜಾ ಇದ್ದರೆ ಅದಕ್ಕಿಂತ ರುಚಿ, ಬೆಲೆಯೂ ಕಡಿಮೆ. ದೊಡ್ಡ ಮೀನಿಗೆ ತೂಕದ ಬೆಲೆ ಇದ್ದರೆ ಹುರಿಯುವ ಮೊದಲೇ ಕೇಳಿಕೊಳ್ಳಿ.

ಮಕ್ಕಳಿಗೆ ಕುಚಲಕ್ಕಿ ಅನ್ನ ಸೇರದಿದ್ದರೆ ಬೆಳ್ತಿಗೆ, ಅಂದರೆ ಬಿಳಿ ಅನ್ನ ಕೇಳಿ. ಬೆವರು ಜಾಸ್ತಿ ಹೋಗುವುದರಿಂದ ಬರೀ ನೀರು ಸಾಲದು. ಬೊಂಡ (ಎಳನೀರು), ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ (ಕೋಕಂ) ಶರಬತ್ತು ಕುಡಿಯುತ್ತಿರಿ. ತಲೆನೋವು, ಮಂಪರು, ಗಾಢ ಬಣ್ಣದ ಮೂತ್ರ ಕಂಡರೆ ತಿರುಗಾಟ ನಿಲ್ಲಿಸಿ ನೆರಳಿಗೆ ಹೋಗಿ ಓಆರ್‌ಎಸ್ ಕೊಡಿ.

## ಹಂತ 9: ಚೀಲ

ಜೀನ್ಸ್ ಬೇಡ. ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ತೆಳು ಹತ್ತಿ ಬಟ್ಟೆ ದಿನಕ್ಕೆ ಎರಡು ಜೊತೆ, ಬೈರಾಸು (ಟವೆಲ್), ಒಂದು ಪಂಚೆ, ಒಂದು ಶಾಲು, ಟೋಪಿ, ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು, ಓಆರ್‌ಎಸ್ ಪೊಟ್ಟಣ, ವಾಂತಿ ಮಾತ್ರೆ, ಒದ್ದೆ ಬಟ್ಟೆಗೆ ಎರಡು ದೊಡ್ಡ ಚೀಲ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಅಲೆ ಎಳೆದುಕೊಂಡು ಹೋಗುತ್ತದೆ. ಬಂಗಾರ ಮನೆಯಲ್ಲೇ ಇರಲಿ. ನೀರಿನಲ್ಲಿ ಬೆರಳು ಮುದುಡಿ ಉಂಗುರ ಜಾರಿದರೆ ಮರಳಿನಲ್ಲಿ ಸಿಗುವುದಿಲ್ಲ.

## ಹಂತ 10: ಹೊರಡುವ ದಿನ

ಕೊನೆಯ ಬೆಳಿಗ್ಗೆ ನೀರಿಗಿಳಿಯದೆ ದಡದಲ್ಲಿ ನಡೆದು ಬನ್ನಿ. ಒದ್ದೆ ಬಟ್ಟೆ ತುಂಬಿಕೊಂಡು ಎಂಟು ಗಂಟೆ ಕೂರುವುದು ತಪ್ಪುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಬೆಳಕಿರುವಾಗಲೇ ಘಟ್ಟ ಹತ್ತಬಹುದು.

ಮನೆ ಮುಟ್ಟಿದ ಮರುದಿನವೇ ಕಾರನ್ನು ಸಿಹಿನೀರಿನಲ್ಲಿ ತೊಳೆಸಿ, ಅಡಿಭಾಗ ಬಿಡಬೇಡಿ. ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕ್ಯಾಮೆರಾ, ಕನ್ನಡಕ, ಬ್ಯಾಗಿನ ಜಿಪ್ ಇವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ಇಡಿ.